ಹಳೆಯ ದೋಣಿಗೆ ಅಂಕೆ ಬೇಡವೇ?

೨೦೧೯ನೆಯ ಇಸವಿಯ ಜನವರಿ ೨೧ನೆಯ ತಾರೀಖು ಕಾರವಾರದ ಕಡಲಿನಲ್ಲಿ ಸಂಭವಿಸಿದ ದುರ್ಘಟನೆಯನ್ನು ನಮ್ಮ ವಾಚಕರು ಮರೆತಿರಲಾರರು. ಕೂರ್ಮಗಡ ದ್ವೀಪದ ನರಸಿಂಹದೇವರ ಜಾತ್ರೆಗೆಂದು ಹೋಗಿದ್ದ ಜನರು ದರ್ಶನ ತೀರಿಸಿಕೊಂಡು ಮರಳುತ್ತಿದ್ದರು. ಮೂವತ್ತಕ್ಕೂ ಮಿಕ್ಕಿದ ಜನರನ್ನು ಹೊತ್ತ ದೋಣಿಯೊಂದು ತೆರೆಗಳ ನಡುವೆ ಮಗುಚಿತು. ೧೬ ಜನರು ನೀರುಪಾಲಾದರು. ಅವರಲ್ಲಿ ಎಳೆಯ ಮಕ್ಕಳೂ ಇದ್ದರು. ದೇವರಿಗೆ ಹಣ್ಣುಕಾಯಿ ಒಪ್ಪಿಸಲು ಹೋದ ಮನೆಗಳು ಕರುಳ ಕುಡಿಗಳನ್ನೇ ಕಡಲಿಗೆ ಒಪ್ಪಿಸಿ ಬಂದವು.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ನಡೆಯುವ ಕ್ರಮವು ಒಂದೇ. ಮೊದಲು ಕಣ್ಣೀರು, ಅನಂತರ ಪರಿಹಾರದ ಘೋಷಣೆ, ಅದರ ಬೆನ್ನಿಗೆ ವಿಚಾರಣೆಯ ಆಜ್ಞೆ, ಕೆಲವು ದಿವಸ ಎಲ್ಲ ದೋಣಿಗಳಿಗೂ ತಡೆ, ಆ ಮೇಲೆ ಮರೆವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಆಡಲಿಲ್ಲ. ದೋಣಿಯಲ್ಲಿ ಎಷ್ಟು ಜನರಿದ್ದರು ಎಂದು ಎಲ್ಲರೂ ಕೇಳುವರು. ನಾವು ಕೇಳುವ ಪ್ರಶ್ನೆಯೇ ಬೇರೆ. ಆ ದೋಣಿಯಲ್ಲಿ ಎಷ್ಟು ಜನರು ಇರಬಹುದಾಗಿತ್ತು? ಅದನ್ನು ಗೊತ್ತುಪಡಿಸಿದವರಾರು? ಹತ್ತುವವನು ಅದನ್ನು ಎಲ್ಲಿ ಓದಿ ತಿಳಿಯಬೇಕಾಗಿತ್ತು?

ನಮ್ಮ ಕನ್ನಡದಲ್ಲಿ ‘ಅಂಕೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಎಣಿಕೆಯ ಗುರುತೂ ಅಂಕೆಯೇ, ಹಿಡಿತವೂ ಅಂಕೆಯೇ. ದೋಣಿಯ ಮಟ್ಟಿಗೆ ಈ ಎರಡೂ ಅರ್ಥಗಳು ಒಂದೇ ಆಗಿರುವವು. ಎಣಿಕೆಯ ಅಂಕೆಯು ದೋಣಿಯ ಮೇಲೆ ಬರೆದಿಲ್ಲದಿದ್ದರೆ ಜನರನ್ನು ಅಂಕೆಯಲ್ಲಿಡುವದು ಯಾರಿಂದಲೂ ಸಾಧ್ಯವಿಲ್ಲ. ಇಷ್ಟನ್ನೇ ಈ ಲೇಖನದಲ್ಲಿ ಪ್ರತಿಪಾದಿಸಬೇಕೆಂದು ನಾವು ಉದ್ದೇಶಿಸಿದ್ದೇವೆ.

ಕೆಲವು ವರ್ಷಗಳ ಹಿಂದೆ ಖಟ್ಲೆಯೊಂದರ ಸ್ಥಳಪರಿಶೀಲನೆಗಾಗಿ ನಾವು ಕರಾವಳಿಯ ಒಂದು ಕಡವಿನಲ್ಲಿ ಹೊಳೆಯನ್ನು ದಾಟಬೇಕಾಯಿತು. ಅಂದು ಸಂತೆಯ ದಿನ. ದೋಣಿಯು ಮರದ್ದು, ಬಹಳ ಹಳೆಯದು. ಹಿಂದುಗಡೆ ಒಂದು ಸಣ್ಣ ಯಂತ್ರವನ್ನು ಹೊಸದಾಗಿ ಬಿಗಿದಿದ್ದರು. ಮೀನಿನ ಬುಟ್ಟಿಗಳು, ಅಕ್ಕಿಯ ಮೂಟೆ, ಒಂದು ಮೋಟರ್ ಸೈಕಲ್, ಶಾಲೆಯ ಹುಡುಗರು, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ತಾಯಿ, ಇವರೆಲ್ಲರ ನಡುವೆ ನಾವೂ ನಿಂತೆವು. ನೀರು ಅಂಚಿಗೆ ಒಂದು ಗೇಣಿನಷ್ಟು ಕೆಳಗಿತ್ತು. “ಅಣ್ಣಾ, ಈ ದೋಣಿಗೆ ಎಷ್ಟು ಜನ ಹಿಡಿಯುತ್ತಾರೆ?” ಎಂದು ನಾವು ಅಂಬಿಗನನ್ನು ಕೇಳಿದೆವು. ಆತನು ನಕ್ಕು, “ಬಂದಷ್ಟು ಜನ ಹಿಡೀತಾರೆ ವಕೀಲರೆ. ನಮ್ಮ ಅಪ್ಪನ ಕಾಲದಿಂದ ಹಿಡಿದಿದೆ, ಇವತ್ತು ಹಿಡಿಯುವದಿಲ್ಲವೇ?” ಎಂದನು. ಆತನ ಮಾತಿನಲ್ಲಿ ಕಪಟವಿರಲಿಲ್ಲ. ಹಿಂದೆ ಎಂದೂ ಮುಳುಗಲಿಲ್ಲವೆಂಬುದೇ ಆತನ ಕಾಯದೆ, ಅದೇ ಆತನ ಪುರಾವೆ. ನಾವೂ ಬಾಯಿ ಮುಚ್ಚಿಕೊಂಡು ದಾಟಿದೆವು. ದಡ ಸೇರಿದ ಮೇಲೆ ಆ ಮಾತನ್ನು ಮರೆತೆವು. ಹೊಳೆ ದಾಟಿದ ಮೇಲೆ ಅಂಬಿಗನ ನೆನಪೇಕೆ? ಕಾಯದೆಯನ್ನು ಓದಿದವರೆನಿಸಿಕೊಂಡ ನಾವೇ ಹೀಗೆ ನಡೆದುಕೊಂಡೆವೆಂಬುದನ್ನು ಇಲ್ಲಿ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಹಿಂದೆ ಮುಳುಗಲಿಲ್ಲವೆಂಬುದು ಮುಂದೆ ಮುಳುಗುವದಿಲ್ಲವೆಂಬುದಕ್ಕೆ ಪ್ರಮಾಣವಾಗಬಲ್ಲದೇ? ನಮ್ಮ ನೆರೆಯ ಕೇರಳವು ಈ ಪ್ರಶ್ನೆಗೆ ನೂರು ವರ್ಷಗಳಿಂದ ಉತ್ತರವನ್ನು ಕೊಡುತ್ತ ಬಂದಿದೆ. ೧೯೨೪ನೆಯ ಇಸವಿಯ ಜನವರಿಯಲ್ಲಿ ಪಲ್ಲನ ಎಂಬಲ್ಲಿ ಜನರಿಂದ ತುಂಬಿ ತುಳುಕುತ್ತಿದ್ದ ‘ರಿಡೀಮರ್’ ಎಂಬ ನಾವೆಯು ಮುಳುಗಿದಾಗ ಮಲೆಯಾಳದ ಮಹಾಕವಿ ಕುಮಾರನ್ ಆಶಾನರು ತೀರಿಕೊಂಡರು. ೨೦೦೨ರ ಜುಲೈ ೨೭ರಂದು ಮುಹಮ್ಮದಿಂದ ಕುಮರಕಮ್ಮಿಗೆ ಹೊರಟ ದೋಣಿಯು ವೇಂಬನಾಡು ಸರೋವರದಲ್ಲಿ ಮುಳುಗಿ ೨೯ ಜನರು ಸತ್ತರು; ಅದರಲ್ಲಿ ತುಂಬಿಕೊಂಡಿದ್ದವರಲ್ಲಿ ಅನೇಕರು ಸರಕಾರಿ ನೌಕರಿಯ ಪರೀಕ್ಷೆಗೆ ಹೊರಟ ತರುಣರು. ೨೦೦೭ರ ಫೆಬ್ರುವರಿ ೨೦ರಂದು ತಟ್ಟೇಕಾಡಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದ ೧೫ ಜನ ಮಕ್ಕಳೂ ೩ ಜನ ಶಿಕ್ಷಕರೂ ಪೆರಿಯಾರ್ ನದಿಯ ಪಾಲಾದರು. ೨೦೨೩ರ ಮೇ ೭ರಂದು ತಾನೂರಿನಲ್ಲಿ ಮಗುಚಿದ ವಿಹಾರದೋಣಿಯು ೨೨ ಪ್ರಾಣಗಳನ್ನು ತೆಗೆದುಕೊಂಡಿತು. ಮೀನು ಹಿಡಿಯಲು ಕಟ್ಟಿದ ದೋಣಿಯನ್ನೇ ಮಾರ್ಪಡಿಸಿ ಜನರನ್ನು ಹತ್ತಿಸುತ್ತಿದ್ದರೆಂಬ ಸಂಗತಿಯು ಆ ಮೇಲೆ ಹೊರಬಿದ್ದಿತು. ಇದು ಕೇರಳದ ಮಾತು ಮಾತ್ರವೇ ಎನ್ನುವಂತಿಲ್ಲ. ೨೦೨೪ರ ಜನವರಿ ೧೮ರಂದು ಗುಜರಾತದ ವಡೋದರೆಯ ಹರಣಿ ಸರೋವರದಲ್ಲಿ ೧೨ ಜನ ವಿದ್ಯಾರ್ಥಿಗಳೂ ೨ ಜನ ಶಿಕ್ಷಕರೂ ಅದೇ ರೀತಿ ಮಡಿದರು. ಊರು ಬೇರೆ, ನೀರು ಬೇರೆ, ಭಾಷೆ ಬೇರೆ. ಆದರೆ ಕಥೆ ಒಂದೇ. ಹಿಡಿಯಬೇಕಾದುದಕ್ಕಿಂತ ಹೆಚ್ಚು ಜನ.

ಇಷ್ಟಕ್ಕೂ ಹೆಚ್ಚು ಜನರಾದರೆ ದೋಣಿಯು ಏಕೆ ಮುಳುಗುವದು? ಈ ವಿಷಯವನ್ನು ಶಾಲೆಯ ಹುಡುಗರಿಗೂ ತಿಳಿಯುವಂತೆ ಹೇಳಬಹುದು. ೨೦ ಅಡಿ ಉದ್ದ, ೫ ಅಡಿ ಅಗಲದ ದೋಣಿಯೊಂದನ್ನು ತೆಗೆದುಕೊಳ್ಳೋಣ. ಎರಡು ತುದಿಗಳೂ ಚೂಪಾಗಿರುವದರಿಂದ ನೀರಿನ ಮೇಲೆ ಅದು ಆಕ್ರಮಿಸುವ ಜಾಗವು ಸುಮಾರು ೭೦ ಚದರಡಿ ಎಂದಿಟ್ಟುಕೊಳ್ಳೋಣ. ೬೫ ಕಿಲೋ ತೂಕದ ಒಬ್ಬ ಮನುಷ್ಯನು ಹತ್ತಿದನೆಂದರೆ ಅಂಥ ದೋಣಿಯು ಸರಿಸುಮಾರು ಒಂದು ಸೆಂಟಿಮೀಟರಿನಷ್ಟು ಕೆಳಗಿಳಿಯುವದು. ಒಬ್ಬನಿಂದ ಒಂದೇ ಸೆಂಟಿಮೀಟರು, ಕಣ್ಣಿಗೆ ಕಾಣುವದಿಲ್ಲ. “ಇನ್ನೊಬ್ಬ ಬರಲಿ ಬಿಡಿ” ಎಂಬ ಮಾತು ಹುಟ್ಟುವದು ಇಲ್ಲಿಯೇ. ಆದರೆ ಹತ್ತು ಜನ ‘ಇನ್ನೊಬ್ಬರು’ ಸೇರಿದರೆ ಅರ್ಧ ಗೇಣಿನಷ್ಟು ಅಂಚು ನೀರಿಗೆ ಹೋಯಿತು. ಅಂಚಿಗೂ ನೀರಿಗೂ ನಡುವೆ ಉಳಿದ ಆ ಎತ್ತರವೇ ದೋಣಿಯ ಆಯುಷ್ಯ. ಬದಿಯಿಂದ ಒಂದು ದೊಡ್ಡ ನಾವೆ ಹಾದು ತೆರೆಯೆದ್ದರೆ, ಗಾಳಿ ಬೀಸಿದರೆ, ಆ ಆಯುಷ್ಯವು ಒಂದು ನಿಮಿಷದಲ್ಲಿ ಮುಗಿಯುವದು.

ಇದಕ್ಕಿಂತಲೂ ಹೆಚ್ಚು ಅಪಾಯಕರವಾದ ಸಂಗತಿಯು ಓಲಾಟ. ತೂಕವು ಕೆಳಗಿದ್ದಷ್ಟೂ ದೋಣಿಯು ನೆಟ್ಟಗಿರುವದು. ಮೇಲೇರಿದಷ್ಟೂ ಅದು ಮಗುಚಲು ಹವಣಿಸುವದು. ಜನರು ಕುಳಿತಿರುವ ದೋಣಿಗೂ ನಿಂತಿರುವ ದೋಣಿಗೂ ಇರುವ ಭೇದವು ಇದೇ. ೨೦೦೯ರ ಸಪ್ಟೆಂಬರ ೩೦ರಂದು ತೇಕ್ಕಡಿಯಲ್ಲಿ ೪೫ ಜನರ ಪ್ರಾಣವನ್ನು ತೆಗೆದುಕೊಂಡ ದೋಣಿಯು ಹೊಸದಾಗಿಯೇ ಇತ್ತು. ಕಾಡುಪ್ರಾಣಿಗಳನ್ನು ನೋಡಲು ಪ್ರವಾಸಿಗಳು ಒಂದೇ ಬದಿಗೆ ಸರಿದುದರಿಂದ ಅದು ವಾಲಿತೆಂದು ಬದುಕಿ ಬಂದವರು ಹೇಳಿದರು. ಹೊಸ ದೋಣಿಯ ಗತಿಯೇ ಹೀಗಿರುವಾಗ ಹಳೆಯ ದೋಣಿಯ ಪಾಡೇನು?

ಹಳೆಯ ದೋಣಿಯು ತಾನು ಹುಟ್ಟಿದ ದಿನದ ದೋಣಿಯಾಗಿ ಉಳಿದಿರುವದಿಲ್ಲ. ಮರವು ವರ್ಷ ವರ್ಷ ನೀರು ಕುಡಿದು ಭಾರವಾಗುವದು. ಹಲಗೆಗಳ ಸಂದಿಯಿಂದ ನೀರು ಜಿನುಗುವದು. ತಳದಲ್ಲಿ ನಿಂತ ನೂರು ಲೀಟರು ನೀರು ಒಂದೂವರೆ ಮನುಷ್ಯರ ತೂಕವಾಗುವದಲ್ಲದೆ, ದೋಣಿ ವಾಲಿದ ಕಡೆಗೇ ಹರಿದು ಅದನ್ನು ಮತ್ತಷ್ಟು ವಾಲಿಸುವದು. ಹುಟ್ಟು ಹಾಕಿ ನಡೆಸುತ್ತಿದ್ದುದಕ್ಕೆ ಯಂತ್ರವನ್ನು ಬಿಗಿದರು, ಹಿಂಭಾಗವು ತಗ್ಗಿತು. ಬಿಸಿಲಿಗೆಂದು ಮೇಲೆ ಚಾವಣಿ ಹಾಕಿದರು, ತೂಕವು ಮೇಲೇರಿತು. ಪ್ರವಾಸಿಗಳಿಗೆಂದು ಕುರ್ಚಿಗಳನ್ನು ಹಾಕಿದರು; ಕುಳಿತವರೂ ಮೇಲೇರಿದರು. ಅಪ್ಪನ ಕಾಲದಲ್ಲಿ ೧೫ ಜನರನ್ನು ಹಿಡಿದ ದೋಣಿಯು ಮಗನ ಕಾಲದಲ್ಲಿ ೧೦ ಜನರನ್ನು ಹಿಡಿಯದೆ ಹೋಗಬಹುದು. ಹೀಗಿದ್ದರೂ ಕಾಯದೆಯ ಕಣ್ಣು ಮೊದಲು ಬೀಳುವದು ಹೊಸ ದೋಣಿಯ ಮೇಲೆ. ಹಳೆಯದಕ್ಕೆ ವಿನಾಯಿತಿ, ಸಣ್ಣದಕ್ಕೆ ವಿನಾಯಿತಿ, ಯಂತ್ರವಿಲ್ಲದ್ದಕ್ಕೆ ವಿನಾಯಿತಿ! ಎಲ್ಲಿ ಅಪಾಯವು ಹೆಚ್ಚೋ ಅಲ್ಲಿಯೇ ವಿನಾಯಿತಿಯೂ ಹೆಚ್ಚೆಂಬುದು ಎಂಥ ವಿಚಿತ್ರ ನ್ಯಾಯ!

ಕಾಯದೆಯೇ ಇಲ್ಲವೆಂದು ನಾವು ಹೇಳುವದಿಲ್ಲ. ೧೮೬೦ರ ಭಾರತೀಯ ದಂಡಸಂಹಿತೆಯ ೨೮೨ನೆಯ ಕಲಮು ಈ ಅಪರಾಧವನ್ನು ಸ್ಪಷ್ಟವಾಗಿಯೇ ಹೇಳಿತ್ತು. ಜೀವಕ್ಕೆ ಅಪಾಯವಾಗುವಂಥ ಸ್ಥಿತಿಯಲ್ಲಿರುವ, ಇಲ್ಲವೆ ಅಪಾಯವಾಗುವಷ್ಟು ಭಾರ ಹೇರಿದ ನಾವೆಯಲ್ಲಿ ತಿಳಿದೋ ಅಲಕ್ಷ್ಯದಿಂದಲೋ ಬಾಡಿಗೆಗಾಗಿ ಜನರನ್ನು ಸಾಗಿಸಿದವನಿಗೆ ಆರು ತಿಂಗಳ ವರೆಗಿನ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೮೪ನೆಯ ಕಲಮಿನಲ್ಲಿ ಇದೇ ಅಪರಾಧವಿದೆ. ದಂಡದ ಮೊಬಲಗು ಸಾವಿರದಿಂದ ಐದು ಸಾವಿರಕ್ಕೆ ಏರಿದೆ. ಆದರೆ ಖಟ್ಲೆಗಳನ್ನು ನಡೆಸುವವರು ಬಲ್ಲರು, ಇಲ್ಲಿ ಒಂದು ದೊಡ್ಡ ತೊಡಕುಂಟು. ‘ಅಪಾಯವಾಗುವಷ್ಟು ಭಾರ’ ಎಂದರೆ ಎಷ್ಟು? ಯಾವ ದೋಣಿಗೆ ಅಂಕೆಯನ್ನು ಗೊತ್ತುಪಡಿಸಿಲ್ಲವೋ ಆ ದೋಣಿಯಲ್ಲಿ ೨೦ ಜನರು ಹೆಚ್ಚೆಂದು ಪೋಲೀಸರು ಯಾವ ಆಧಾರದಿಂದ ಹೇಳಬೇಕು? “ನಿನ್ನೆ ೨೫ ಜನರನ್ನು ದಾಟಿಸಿದ್ದೇನೆ, ಏನೂ ಆಗಲಿಲ್ಲ” ಎಂದು ಆರೋಪಿಯು ಹೇಳಿದರೆ ನ್ಯಾಯಾಧೀಶರು ಏನನ್ನು ಬರೆಯಬೇಕು? ಮುಳುಗಿದ ಮೇಲೆ ಹೆಣಗಳೇ ಪುರಾವೆಯಾಗುವವು. ಮುಳುಗುವ ಮೊದಲು ಪುರಾವೆಯೇ ಸಿಗುವದಿಲ್ಲ. ಸತ್ತವರು ಸಾಕ್ಷಿ ನುಡಿದ ಮೇಲೆಯೇ ಎಚ್ಚರಗೊಳ್ಳುವ ಕಾಯದೆಯಿಂದ ಬದುಕಿದ್ದವರಿಗೆ ಆಗುವ ಪ್ರಯೋಜನವೇನು? ಮೇಲಾಗಿ, ಈ ಕಲಮು ಬಾಡಿಗೆಯ ದೋಣಿಗೆ ಮಾತ್ರ ಅನ್ವಯಿಸುವದು. ಜಾತ್ರೆಯ ದಿನ ಪುಣ್ಯಕ್ಕೆಂದು ಜನರನ್ನು ಹತ್ತಿಸಿಕೊಂಡ ದೋಣಿಯು ಅದರ ಹೊರಗೇ ಉಳಿಯುವದು.

ಒಳನಾಡಿನ ನೀರಿನ ಕಾಯದೆಯ ಇತಿಹಾಸವೂ ಇದೇ ಪಾಠವನ್ನು ಹೇಳುವದು. ೧೯೧೭ರಲ್ಲಿ ಪರಕೀಯ ಸರಕಾರವು ಮಾಡಿದ ಕಾಯದೆಯ ಹೆಸರೇ ಉಗಿನಾವೆಗಳ ಕಾಯದೆ. ಕಂಪನಿಗಳ ಉಗಿನಾವೆಗಳಿಗೆ ತಪಾಸಣೆ ಬಂದಿತು, ಪ್ರಮಾಣಪತ್ರ ಬಂದಿತು, ಪ್ರಯಾಣಿಕರ ಅಂಕೆಯೂ ಬಂದಿತು. ಬಡವರು ದಾಟುವ ಹುಟ್ಟಿನ ದೋಣಿಯನ್ನು ಮಾತ್ರ ಅದು ಕೇಳಲಿಲ್ಲ. ಆ ಕಾಯದೆಯು ತಿದ್ದುಪಡಿಗಳನ್ನು ಹೊದ್ದುಕೊಂಡು ಸ್ವತಂತ್ರ ಭಾರತದಲ್ಲಿಯೂ ಎಪ್ಪತ್ತಕ್ಕೂ ಹೆಚ್ಚು ವರ್ಷ ಬದುಕಿತು. ೨೦೨೧ರಲ್ಲಿ ನಮ್ಮ ಪಾರ್ಲಿಮೆಂಟು ಹೊಸ ಒಳನಾಡು ನೌಕಾ ಕಾಯದೆಯನ್ನು ಮಾಡಿ, ಯಂತ್ರವಿಲ್ಲದ ದೋಣಿಗಳನ್ನೂ ದಾಖಲೆಯೊಳಗೆ ತರುವದಕ್ಕೆ ರಾಜ್ಯ ಸರಕಾರಗಳಿಗೆ ದಾರಿಯನ್ನು ತೆರೆಯಿತು. ಇದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ದಾರಿ ತೆರೆದ ಮಾತ್ರಕ್ಕೆ ಊರು ಸೇರಿದಂತಾಗುವದಿಲ್ಲ. ಕಾಯದೆಯು ದಿಲ್ಲಿಯಲ್ಲಿ ಹುಟ್ಟುವದು. ಅದು ಬಾಳುವದೂ ಸಾಯುವದೂ ಕಡವಿನಲ್ಲಿ.

ಮುಂದುವರಿದ ದೇಶವೆನಿಸಿಕೊಂಡ ಅಮೇರಿಕೆಯ ಅನುಭವವನ್ನೂ ಇಲ್ಲಿ ನೋಡತಕ್ಕದ್ದು. ಅಲ್ಲಿ ೧೯೭೧ರಲ್ಲಿ ದೋಣಿಗಳ ಸುರಕ್ಷತೆಯ ಕಾಯದೆಯೊಂದು ಬಂದು, ೧೯೭೨ರ ನವಂಬರ ತಿಂಗಳಿಂದೀಚೆಗೆ ಕಟ್ಟಿದ, ೨೦ ಅಡಿಗಿಂತ ಚಿಕ್ಕದಾದ ಯಂತ್ರದ ದೋಣಿಗಳ ಮೇಲೆ ಇಷ್ಟು ಜನ, ಇಷ್ಟು ತೂಕ ಎಂಬ ಫಲಕವನ್ನು ಹಚ್ಚುವದು ಕಡ್ಡಾಯವಾಯಿತು. ಅದಕ್ಕಿಂತ ಮೊದಲು ಕಟ್ಟಿದ ದೋಣಿಗಳಿಗೆ ಆ ಫಲಕವಿಲ್ಲ. ಅಂಥವುಗಳಿಗೆ ಒಂದು ಸ್ಥೂಲವಾದ ಸೂತ್ರವು ಅಲ್ಲಿ ಬಳಕೆಯಲ್ಲಿದೆ. ದೋಣಿಯ ಉದ್ದವನ್ನೂ ಅಗಲವನ್ನೂ ಅಡಿಗಳಲ್ಲಿ ಅಳೆದು ಗುಣಿಸಿ ೧೫ರಿಂದ ಭಾಗಿಸಿದರೆ ಬಂದುದು ಜನರ ಅಂಕೆ. ನಾವು ಮೇಲೆ ಹೇಳಿದ ದೋಣಿಗೆ ಈ ಸೂತ್ರವನ್ನು ಹಚ್ಚಿದರೆ ಆರು ಜನರೆಂದು ಬರುವದು. ನಮ್ಮ ಕಡವುಗಳಲ್ಲಿ ಅಂಥ ದೋಣಿಗೆ ಹದಿನೈದು ಇಪ್ಪತ್ತು ಜನರು ಹತ್ತುವರು! ಈ ಸೂತ್ರವು ಶಾಂತವಾದ ನೀರಿಗೆ, ಅವರ ಬಗೆಯ ದೋಣಿಗಳಿಗೆ ಮಾತ್ರ ಹೊಂದುವಂಥದು. ನಮ್ಮ ಹರಿಗೋಲಿಗೂ ಮರದ ದೋಣಿಗೂ ಅದನ್ನು ಕಣ್ಣು ಮುಚ್ಚಿ ಹಚ್ಚಬೇಕೆಂದು ನಾವು ಹೇಳುವದಿಲ್ಲ. ಹಳೆಯ ದೋಣಿಗೂ ಒಂದು ಅಂಕೆಯನ್ನು ಕಂಡುಹಿಡಿಯಲು ದೊಡ್ಡ ಇಂಜಿನಿಯರನೇ ಬರಬೇಕಾಗಿಲ್ಲ, ಒಂದು ಅಳತೆಪಟ್ಟಿಯಿಂದಲೇ ಆರಂಭಿಸಬಹುದು ಎಂಬುದನ್ನು ಮಾತ್ರ ಅದರಿಂದ ನಾವು ಕಲಿಯಬಹುದು.

ಅಂಕೆಯನ್ನು ಬರೆದುಬಿಟ್ಟರೆ ಸಾಕೇ? ಸಾಲದು. ಇದಕ್ಕೂ ಅಮೇರಿಕೆಯೇ ಸಾಕ್ಷಿ. ೨೦೦೫ರ ಅಕ್ಟೋಬರ ೨ರಂದು ನ್ಯೂಯಾರ್ಕ್ ಸಂಸ್ಥಾನದ ಜಾರ್ಜ್ ಸರೋವರದಲ್ಲಿ ‘ಈಥನ್ ಅಲೆನ್’ ಎಂಬ ವಿಹಾರದೋಣಿಯು ಮಗುಚಿ ೨೦ ಜನರು ಸತ್ತರು. ಅವರಲ್ಲಿ ಹೆಚ್ಚಿನವರು ವಯೋವೃದ್ಧರು. ೧೯೬೦ರ ದಶಕದಲ್ಲಿ ಕಟ್ಟಿದ, ೪೦ ಅಡಿಗಳಷ್ಟು ಉದ್ದದ ಆ ದೋಣಿಗೆ ೪೮ ಜನ ಪ್ರಯಾಣಿಕರೆಂಬ ಪ್ರಮಾಣಪತ್ರವಿತ್ತು. ಅಂದು ಅದರಲ್ಲಿ ಇದ್ದ ಪ್ರಯಾಣಿಕರು ೪೭. ಎಂದರೆ ಕಾಯದೆಯ ಒಂದಕ್ಷರವನ್ನೂ ಮೀರಿರಲಿಲ್ಲ. ಬಿರುಗಾಳಿ ಇರಲಿಲ್ಲ, ಮಳೆ ಇರಲಿಲ್ಲ. ಹಾಗಾದರೆ ಮಗುಚಿದುದೇಕೆ? ದೋಣಿಯ ಮೇಲಿನ ಬಟ್ಟೆಯ ಚಾವಣಿಯನ್ನು ತೆಗೆದು ಮರದ ಚಾವಣಿಯನ್ನು ಹಾಕಿದ್ದರು. ಹಾಕಿದ ಮೇಲೆ ಅದು ಎಷ್ಟು ಜನರನ್ನು ತಾಳಬಲ್ಲದೆಂದು ಮತ್ತೆ ಪರೀಕ್ಷಿಸಿರಲಿಲ್ಲ. ಮನುಷ್ಯನೊಬ್ಬನ ತೂಕವು ೧೪೦ ಪೌಂಡು, ಎಂದರೆ ೬೪ ಕಿಲೋದಷ್ಟೇ ಎಂದು ಹಿಡಿದು ಲೆಕ್ಕ ಹಾಕಿದ್ದರು; ಕುಳಿತಿದ್ದವರ ನಿಜವಾದ ತೂಕವು ಅದಕ್ಕಿಂತ ಬಹಳ ಹೆಚ್ಚಾಗಿತ್ತು. ವಿಚಾರಣೆ ನಡೆಸಿದ ಅಲ್ಲಿಯ ಸಾರಿಗೆ ಸುರಕ್ಷಾ ಮಂಡಳಿಯು, ಆ ದೋಣಿಯಲ್ಲಿ ಇರಬಹುದಾಗಿದ್ದ ಜನರು ಕೇವಲ ೧೪ ಎಂದು ಹೇಳಿತು. ಕಾಗದದ ಮೇಲೆ ೪೮. ನೀರಿನ ಮೇಲೆ ೧೪! ಮುಂದೆ ೨೦೧೧ರಲ್ಲಿ ಅಲ್ಲಿಯ ತೀರರಕ್ಷಣಾ ದಳವು ಲೆಕ್ಕಕ್ಕೆ ಹಿಡಿಯುವ ತೂಕವನ್ನು ೧೮೫ ಪೌಂಡಿಗೆ, ಎಂದರೆ ೮೪ ಕಿಲೋಗೆ ಏರಿಸಿತು.

ವಾಚಕರೇ, ಈ ಒಂದು ದೃಷ್ಟಾಂತದಲ್ಲಿ ನಮ್ಮ ವಾದವೆಲ್ಲ ಅಡಗಿದೆ. ಅಂಕೆಯಿಲ್ಲದ ದೋಣಿಯು ಅಪಾಯಕರ. ಹಳಸಿದ ಅಂಕೆಯ ದೋಣಿಯು ಇನ್ನೂ ಅಪಾಯಕರ, ಏಕೆಂದರೆ ಅದು ಜನರಿಗೆ ಸುಳ್ಳು ಧೈರ್ಯವನ್ನು ಕೊಡುವದು. ದೋಣಿಯು ಬದಲಾದಂತೆ ಅಂಕೆಯೂ ಬದಲಾಗಬೇಕು.

ಇದು ನಮ್ಮ ನಾಡಿಗೆ ಹೊಸ ವಿಚಾರವೇನೂ ಅಲ್ಲ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟುವ ಹರಿಗೋಲುಗಳನ್ನು ಕಂಡು, ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ಆ ಬುಟ್ಟಿಯಾಕಾರದ ದೋಣಿಗಳು ಹದಿನೈದರಿಂದ ಇಪ್ಪತ್ತು ಜನರನ್ನು ಹೊರಬಲ್ಲವೆಂದು ಬರೆದಿಟ್ಟನು. ದೋಣಿಯನ್ನು ಕಂಡ ಕೂಡಲೆ ಎಷ್ಟು ಜನರೆಂದು ಕೇಳುವ ಬುದ್ಧಿಯು ಐನೂರು ವರ್ಷಗಳ ಹಿಂದಿನ ಪರದೇಶದ ಪ್ರವಾಸಿಗೆ ಇದ್ದಿತು. ಇಂಗ್ಲಂಡದಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಪಾರ್ಲಿಮೆಂಟಿನ ಸದಸ್ಯನು, ಹಡಗಿನ ಮಾಲಿಕರು ಮಿತಿಮೀರಿ ಸರಕು ತುಂಬಿ ಖಲಾಸಿಗಳನ್ನು ಸಾವಿಗೆ ನೂಕುತ್ತಿರುವರೆಂದು ಹಲವು ವರ್ಷ ಹೋರಾಡಿ, ೧೮೭೬ರಲ್ಲಿ ಪ್ರತಿಯೊಂದು ಹಡಗಿನ ಪಕ್ಕೆಯ ಮೇಲೂ ಭಾರದ ಗೆರೆಯನ್ನು ಬರೆಯಿಸುವ ಕಾಯದೆಯನ್ನು ಮಾಡಿಸಿದನು. ಆ ಗೆರೆಯು ನೀರಿನಲ್ಲಿ ಮುಳುಗಿತೆಂದರೆ ಭಾರವು ಹೆಚ್ಚಾಯಿತೆಂದು ಓದು ಬಾರದವನೂ ಹೇಳಬಲ್ಲನು. ಸರಕಿನ ಹಡಗಿಗೆ ದೊರೆತ ಆ ಒಂದು ಗೆರೆಯು ನಮ್ಮ ಮಕ್ಕಳು ಕೂಡ್ರುವ ಸಣ್ಣ ದೋಣಿಗೆ ಏಕೆ ದೊರೆಯಬಾರದು?

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾವು ಬಲ್ಲೆವು. ಮೊದಲನೆಯದು ಕಾಯದೆಯದು. ಹಿಂದೆ ಕಟ್ಟಿದ ದೋಣಿಗೆ ಇಂದಿನ ನಿಯಮವನ್ನು ಹಚ್ಚುವದು ಅನ್ಯಾಯವೆಂದು ಕೆಲವರು ವಾದಿಸುವರು. ಈ ವಾದವು ಕಿವಿಗೆ ಇಂಪು, ನ್ಯಾಯಾಸನದೆದುರು ಟೊಳ್ಳು. ನಮ್ಮ ಸಂವಿಧಾನದ ೨೦ನೆಯ ಅನುಚ್ಛೇದವು ಬೇಡವೆನ್ನುವದು, ಹಿಂದೆ ಅಪರಾಧವಲ್ಲದ ಕೃತ್ಯಕ್ಕೆ ಇಂದು ಹೊಸದಾಗಿ ಶಿಕ್ಷೆ ಕೊಡುವದನ್ನು. ನಿನ್ನೆ ದಾಟಿಸಿದುದಕ್ಕೆ ಅಂಬಿಗನನ್ನು ಯಾರೂ ಶಿಕ್ಷಿಸಬೇಕೆನ್ನುವದಿಲ್ಲ. ನಾಳೆ ದಾಟಿಸುವಾಗ ಅಂಕೆಯನ್ನು ಪಾಲಿಸು ಎನ್ನುವದಷ್ಟೆ. ಹಳೆಯ ಮೋಟರಿಗೂ ತಪಾಸಣೆ ಉಂಟು, ಹಳೆಯ ಕಟ್ಟಡಕ್ಕೂ ಉಂಟು. ನೀರು ದೋಣಿಯ ಜನ್ಮಪತ್ರಿಕೆಯನ್ನು ನೋಡಿ ಮುಳುಗಿಸುವದಿಲ್ಲ.

ಎರಡನೆಯ ಆಕ್ಷೇಪವು ಹೊಟ್ಟೆಯದು. ಇದನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಹದಿನೈದು ಜನರನ್ನು ದಾಟಿಸಿ ತಲೆಗೆ ಹತ್ತು ರೂಪಾಯಿಯಂತೆ ನೂರೈವತ್ತು ಗಳಿಸುವವನಿಗೆ, ಎಂಟೇ ಜನರೆಂದು ಹೇಳಿದರೆ ಎಂಬತ್ತೇ ಉಳಿಯುವದು. ಎಣ್ಣೆಯ ಖರ್ಚು ಮಾತ್ರ ಅಷ್ಟೇ. ಅಂಬಿಗನು ದುಷ್ಟನಲ್ಲ, ಅವನೂ ಅದೇ ದೋಣಿಯಲ್ಲಿ ಇರುವವನು, ಮುಳುಗಿದರೆ ಅವನೂ ಮುಳುಗುವವನು. ಆದುದರಿಂದ ಅಂಕೆಯನ್ನು ಕಡಿಮೆ ಮಾಡುವಾಗ ದರವನ್ನು ಆ ಅಂಕೆಗೆ ಹೊಂದುವಂತೆ ಗೊತ್ತುಪಡಿಸಬೇಕು. ಕಡವನ್ನು ಹರಾಜು ಹಾಕುವ ಪದ್ಧತಿಯು ಎಲ್ಲೆಲ್ಲಿ ಇದೆಯೋ ಅಲ್ಲಲ್ಲಿ ಅದನ್ನೂ ತಿದ್ದಬೇಕು. ಹೆಚ್ಚು ಹಣ ಕೊಟ್ಟು ಗುತ್ತಿಗೆ ಹಿಡಿದವನು ಹೆಚ್ಚು ಜನರನ್ನು ತುಂಬಿಯೇ ಆ ಹಣವನ್ನು ತೆಗೆಯಬೇಕಷ್ಟೆ? ಜನರ ಪ್ರಾಣವನ್ನು ಒತ್ತೆಯಿಟ್ಟು ಬೊಕ್ಕಸಕ್ಕೆ ಉತ್ಪನ್ನ ತರುವದು ಪ್ರಜಾಸರಕಾರಕ್ಕೆ ಭೂಷಣವಲ್ಲ. ಸೇತುವೆಯಿಲ್ಲದ ಊರಿಗೆ ದೋಣಿಯೇ ರಸ್ತೆ. ರಸ್ತೆಗೆ ಸರಕಾರವು ಹಣ ಹಾಕುವಂತೆ ದೋಣಿಗೂ ಹಾಕಲಿ.

ಮೂರನೆಯದು ಜನರದೇ ಆಕ್ಷೇಪ. “ಮುಂದಿನ ದೋಣಿಗೆ ಒಂದು ತಾಸು ಕಾಯಬೇಕೇ?” ಎಂದು ಕೇಳುವವರು ನಾವೇ, ನಿಲ್ಲಿಸಿದ ಅಂಬಿಗನನ್ನು ಬಯ್ಯುವವರೂ ನಾವೇ. ಈ ರೋಗಕ್ಕೆ ಕಾಯದೆಯಲ್ಲಿ ಮದ್ದಿಲ್ಲ, ಲೋಕಶಿಕ್ಷಣವೇ ಮದ್ದು.

ಹಾಗಾದರೆ ಮಾಡತಕ್ಕದ್ದೇನು? ಕಾಳಿಯಿಂದ ನೇತ್ರಾವತಿಯ ವರೆಗೆ, ತುಂಗಭದ್ರೆಯಿಂದ ಕಾವೇರಿಯ ವರೆಗೆ, ಜನರನ್ನು ದಾಟಿಸುವ ಪ್ರತಿಯೊಂದು ದೋಣಿಯೂ ಹಳೆಯದಿರಲಿ ಹೊಸದಿರಲಿ, ಯಂತ್ರದ್ದಿರಲಿ ಹುಟ್ಟಿನದಿರಲಿ, ಹರಿಗೋಲೇ ಇರಲಿ, ಗ್ರಾಮಪಂಚಾಯತಿಯ ದಪ್ತರದಲ್ಲಿ ದಾಖಲಾಗಬೇಕು. ಮಳೆಗಾಲ ಕಳೆದು ದೋಣಿಗಳು ಮತ್ತೆ ನೀರಿಗಿಳಿಯುವ ಸಮಯದಲ್ಲಿ, ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಅಧಿಕಾರಿಯೊಬ್ಬನು ಕಡವಿಗೇ ಬಂದು ಪರೀಕ್ಷಿಸಬೇಕು. ಬಡ ಅಂಬಿಗನು ಜಿಲ್ಲಾ ಕಚೇರಿಗೆ ಅಲೆಯುವಂತಾಗಬಾರದು. ಪರೀಕ್ಷೆಯು ಕಠಿಣವಾದುದೇನೂ ಅಲ್ಲ. ಮನುಷ್ಯನ ತೂಕದ ಮರಳಿನ ಚೀಲಗಳನ್ನು ಒಂದೊಂದಾಗಿ ಹೇರಿ ಅಂಚು ಎಷ್ಟು ಉಳಿಯಿತೆಂದು ಅಳೆಯಬೇಕು. ಅನಂತರ ಅವುಗಳನ್ನು ಒಂದು ಬದಿಗೆ ಸರಿಸಿ ದೋಣಿಯು ಎಷ್ಟು ವಾಲುವದೆಂದು ನೋಡಬೇಕು. ತೂಕವನ್ನು ಹಿಡಿಯುವಾಗ ಬುಟ್ಟಿ ಮೂಟೆಗಳನ್ನು ಮರೆಯಬಾರದು. ಹೀಗೆ ಬಂದ ಅಂಕೆಯನ್ನು ದೋಣಿಯ ಎರಡೂ ಪಕ್ಕೆಗಳ ಮೇಲೆ ಒಂದು ಗೇಣೆತ್ತರದ ಕನ್ನಡ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬಿಳಿಯ ಬಣ್ಣದಿಂದ ಬರೆಯಿಸಿ, ಅದರ ಕೆಳಗೆ ಭಾರದ ಗೆರೆಯನ್ನು ಎಳೆಯಿಸಬೇಕು. ಜನರಿಗಾಗಿ ಬರೆದ ಎಚ್ಚರಿಕೆಯು ಜನರ ನುಡಿಯಲ್ಲಿ ಇರದಿದ್ದರೆ ಅದು ಎಚ್ಚರಿಕೆಯೇ ಅಲ್ಲ. ದೋಣಿಗೆ ಯಂತ್ರ, ಚಾವಣಿ, ಆಸನ ಯಾವುದನ್ನೇ ಹೊಸದಾಗಿ ಜೋಡಿಸಿದರೂ ಹಳೆಯ ಅಂಕೆಯು ಆ ದಿನವೇ ರದ್ದಾಗಬೇಕು. ಜಾತ್ರೆಯ ದಿನ ಈ ನಿಯಮವು ಸಡಿಲವಾಗಬಾರದು. ಬದಲಾಗಿ ದೋಣಿಗಳ ಸಂಖ್ಯೆಯು ಹೆಚ್ಚಬೇಕು, ಪ್ರತಿಯೊಂದು ಧಕ್ಕೆಯಲ್ಲಿಯೂ ಎಣಿಸಿ ಹತ್ತಿಸುವ ಒಬ್ಬನು ನಿಲ್ಲಬೇಕು. ಅಂಕೆಯಷ್ಟು ಲೈಫ್ ಜಾಕೆಟುಗಳೂ ಇರಬೇಕು. ಅವು ಮೂಲೆಯಲ್ಲಿ ಕಟ್ಟಿಟ್ಟ ಗಂಟಾಗಿರದೆ ಜನರ ಮೈಮೇಲೆ ಇರಬೇಕು.

ಕೊನೆಯದಾಗಿ ಉಪಾಧ್ಯಾಯ ಬಂಧುಗಳಿಗೆ ಒಂದು ಮಾತನ್ನು 
ಬಿನ್ನವಿಸುತ್ತೇವೆ. ತಟ್ಟೇಕಾಡಿನಲ್ಲಿಯೂ ಹರಣಿ ಸರೋವರದಲ್ಲಿಯೂ ಮಕ್ಕಳೊಡನೆ ಮಡಿದವರು ನಿಮ್ಮ ವೃತ್ತಿಬಾಂಧವರೇ. ಪ್ರವಾಸಕ್ಕೆ ಹೊರಟಾಗ ಮಕ್ಕಳನ್ನು ಬಸ್ಸಿಗೆ ಹತ್ತಿಸುವಾಗಲೂ ಇಳಿಸುವಾಗಲೂ ನೀವು ಎಣಿಸುತ್ತೀರಿ. ದೋಣಿಯೆದುರು ನಿಂತಾಗ ಇನ್ನೊಮ್ಮೆ ಎಣಿಸಿರಿ. ಅಂಕೆ ಬರೆದಿರದ ದೋಣಿಗೆ ಒಂದು ಮಗುವನ್ನೂ ಹತ್ತಿಸಬೇಡಿರಿ. ಬರೆದಿದ್ದರೆ ಅದಕ್ಕಿಂತ ಒಂದನ್ನೂ ಹೆಚ್ಚು ಹತ್ತಿಸಬೇಡಿರಿ. ಹೊತ್ತು ಮೀರುವದೆಂದು ಯಾರಾದರೂ ಅವಸರಪಡಿಸಿದರೆ, ಹೊತ್ತು ಮೀರಿ ಮನೆಗೆ ಬಂದ ಮಗುವನ್ನು ತಾಯಿಯು ಬಯ್ಯಬಹುದು, ಆದರೆ ಅಪ್ಪಿಕೊಂಡೇ ಬಯ್ಯುವಳು ಎಂದು ಹೇಳಿರಿ. ತರಗತಿಯಲ್ಲಿ ಗುಣಾಕಾರ ಭಾಗಾಕಾರಗಳನ್ನು ಕಲಿಸುವಾಗ ಊರ ಕಡವಿನ ದೋಣಿಯನ್ನು ಅಳೆಯಿಸಿ ಲೆಕ್ಕ ಮಾಡಿಸಿರಿ. ಆ ಹುಡುಗರೇ ನಾಳೆ ಧಕ್ಕೆಯಲ್ಲಿ ನಿಂತು, “ಇನ್ನು ಸಾಕು, ಉಳಿದವರು ಮುಂದಿನ ದೋಣಿಗೆ ಬರಲಿ” ಎಂದು ಹೇಳುವ ಧೈರ್ಯವನ್ನು ಪಡೆಯುವರು.

ಆ ಸಂತೆಯ ದಿನ ನಮಗೆ ಆ ಧೈರ್ಯವು ಇರಲಿಲ್ಲ. ಅಂದು ದೋಣಿಯ ಪಕ್ಕೆಯ ಮೇಲೆ ಒಂದು ಅಂಕೆ ಇದ್ದಿದ್ದರೆ ಅದನ್ನು ತೋರಿಸಿ ನಾವೂ ಮಾತನಾಡುತ್ತಿದ್ದೆವೇನೋ. ಅಂಬಿಗನೂ ಅದನ್ನೇ ತೋರಿಸಿ ಜನರನ್ನು ತಡೆಯುತ್ತಿದ್ದನೇನೋ. ಬರೆದ ಅಂಕೆಯು ಹೇಡಿಗೂ ಬಾಯಿ ಕೊಡುವದು, ಬಡವನಿಗೂ ಬಲ ಕೊಡುವದು. ಒಂದು ಡಬ್ಬಿ ಬಿಳಿಯ ಬಣ್ಣದ ಬೆಲೆಗೆ ಇಷ್ಟು ಲಾಭವು ಬೇರೆ ಯಾವ ಸುಧಾರಣೆಯಿಂದ ದೊರೆಯುವದು? ಸರಕಾರವು ಇನ್ನೊಂದು ಜಾತ್ರೆಯ ವರೆಗೆ ಕಾಯದೆ ಈ ಕೆಲಸಕ್ಕೆ ಕೈಯಿಕ್ಕಲಿ.